ಕಾಫಿ ಮಾರಿದ ಹಣವನ್ನು ಈಗ ಎಐ ಷೇರುಗಳಿಗೆ ಹಾಕಬಹುದೇ?

ಗೋಣಿಕೊಪ್ಪದ ಬಳಿ ರೋಬಸ್ಟಾ ಕಾಫಿ ತೋಟವಿರುವ ನೀವು, ಚೆರ್ರಿ (ಒಣಗಿಸಿದ ಕಾಫಿ ಹಣ್ಣು) ಮಾರಿ ಬಂದ ಹಣದಲ್ಲಿ ಎಂಟು ಲಕ್ಷ ರೂಪಾಯಿಯನ್ನು ಕೃತಕ ಬುದ್ಧಿಮತ್ತೆಯ ಕಂಪನಿಗಳ ಷೇರುಗಳಿಗೆ ಹಾಕಬೇಕೆಂದಿದ್ದೀರಿ. ಮಾರುಕಟ್ಟೆ ದಿನಕ್ಕೊಂದು ದಿಕ್ಕಿಗೆ ಹೊಯ್ದಾಡುತ್ತಿರುವಾಗ ಒಂದೇ ಸಲಕ್ಕೆ ಹಾಕುವುದೋ, ಇನ್ನಷ್ಟು ಇಳಿಯಲೆಂದು ಕಾಯುವುದೋ ಎಂದು ಕೇಳಿದ್ದೀರಿ. ನಾನು ವಿರಾಜಪೇಟೆಯಲ್ಲಿ ಬೆಳೆಗಾರರ ತೆರಿಗೆ ಲೆಕ್ಕ ನೋಡಿಕೊಳ್ಳುವವನು; ಸೆಬಿಯಲ್ಲಿ ನೋಂದಾಯಿಸಿಕೊಂಡ ಹೂಡಿಕೆ ಸಲಹೆಗಾರನಲ್ಲ. ಆದರೂ ಈ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಎಂಟು ಲಕ್ಷವನ್ನೂ ಹಾಕಬೇಡಿ. ಮುಂದಿನ ಐದಾರು ವರ್ಷ ತೋಟಕ್ಕೂ ಮನೆಗೂ ಬೇಕಾಗದ ಪಾಲು ಎಷ್ಟೆಂದು ಮೊದಲು ಲೆಕ್ಕ ಹಾಕಿ, ಅಷ್ಟನ್ನು ಮಾತ್ರ ಕಂತುಗಳಲ್ಲಿ ಹಾಕಿ.

ಸಂಬಳದವರಿಗೆ ಹೇಳುವ ಸಲಹೆ ನಮಗೆ ಇದ್ದಂತೆಯೇ ಹೊಂದುವುದಿಲ್ಲ. ಅವರ ಷೇರು ಅರ್ಧಕ್ಕಿಳಿದರೂ ಮುಂದಿನ ತಿಂಗಳು ಖಾತೆಗೆ ಹಣ ಬಂದೇ ಬರುತ್ತದೆ. ನಮ್ಮಲ್ಲಿ ವರ್ಷಕ್ಕೊಮ್ಮೆ ಕೈಸೇರುವ ಹಣವೇ ಮುಂದಿನ ವರ್ಷದ ಬಂಡವಾಳ: ಕಾಫಿ ಹೂ ಅರಳಿಸುವ ಹೂ ಮಳೆ ಕೈಕೊಟ್ಟರೆ ಸ್ಪ್ರಿಂಕ್ಲರಿಗೆ ಡೀಸೆಲ್, ಮುಂಗಾರಿಗೆ ಮುಂಚೆ ಗೊಬ್ಬರ, ಮರಗಸಿ (ನೆರಳು ಮರಗಳ ಕೊಂಬೆ ಸವರುವುದು), ಸಿಂಪಡಣೆ, ಕೊನೆಗೆ ಕೊಯ್ಲಿನವರ ಕೂಲಿ, ಇವುಗಳ ನಡುವೆ ಬ್ಯಾಂಕಿನ ಬೆಳೆ ಸಾಲ. ಗೊಬ್ಬರ ಹಾಕಬೇಕಾದ ತಿಂಗಳಲ್ಲೇ ಷೇರು ಕುಸಿದಿದ್ದರೆ, ಕಂಪನಿ ಎಷ್ಟೇ ಒಳ್ಳೆಯದಿರಲಿ, ನೀವು ನಷ್ಟಕ್ಕೇ ಮಾರಬೇಕಾಗುತ್ತದೆ. ಅರ್ಧಕ್ಕಿಳಿದ ಷೇರು ಮತ್ತೆ ಮೊದಲಿನ ಬೆಲೆಗೆ ಬರಬೇಕಾದರೆ ದುಪ್ಪಟ್ಟಾಗಬೇಕು. ಅಷ್ಟು ಕಾಲ ಕಾಯುವ ಶಕ್ತಿ ಇದ್ದವನಿಗೆ ಮಾತ್ರ ಏರಿಳಿತವನ್ನು ಸಹಿಸಲು ಸಾಧ್ಯ.

ಅರ್ಧಕ್ಕಿಳಿಯುವುದು ಬರಿಯ ಊಹೆಯಲ್ಲ. ಎಐ ಚಿಪ್‌ಗಳ ಮುಖ್ಯ ಕಂಪನಿಯಾದ ಎನ್‌ವಿಡಿಯಾದ ಷೇರು 2022ರ ಒಂದೇ ವರ್ಷದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಬೆಲೆ ಕಳೆದುಕೊಂಡಿತು. ಮರುವರ್ಷ ಮೂರು ಪಟ್ಟಿಗೂ ಮೀರಿ ಏರಿತು. 2025ರ ಜನವರಿ 27ರಂದು, ಚೀನಾದ ಡೀಪ್‌ಸೀಕ್ ಕಡಿಮೆ ಖರ್ಚಿನಲ್ಲಿ ಸಮರ್ಥ ಮಾದರಿಯೊಂದನ್ನು ತಯಾರಿಸಿದೆ ಎಂಬ ಸುದ್ದಿಗೆ, ಅದೇ ಷೇರು ಒಂದೇ ದಿನ ಸುಮಾರು ಶೇ. 17ರಷ್ಟು ಕುಸಿದು, ಮಾರುಕಟ್ಟೆ ಮೌಲ್ಯದಲ್ಲಿ ಸುಮಾರು 59,000 ಕೋಟಿ ಡಾಲರ್ ಕರಗಿಹೋಯಿತು. ಕಂಪನಿಯ ವ್ಯಾಪಾರ ಆಗ ಕುಗ್ಗಿರಲಿಲ್ಲ. ಅದೇ ತಿಂಗಳು ಮುಗಿದ ಹಣಕಾಸು ವರ್ಷದಲ್ಲಿ ಅದರ ಆದಾಯ ಸುಮಾರು 6,100 ಕೋಟಿ ಡಾಲರಿನಿಂದ 13,000 ಕೋಟಿ ಡಾಲರಿಗೆ ಏರಿತ್ತು.

ಇಷ್ಟೊಂದು ಹೊಯ್ದಾಟ ಏಕೆ ಎಂಬುದಕ್ಕೆ ಒಂದು ಕಾರಣ ಆ ಕಂಪನಿಯ ವಾರ್ಷಿಕ ವರದಿಯಲ್ಲೇ ಸಿಗುತ್ತದೆ. ಆ ವರ್ಷದ ಆದಾಯದ ಹೆಚ್ಚಿನ ಪಾಲು ಡೇಟಾ ಸೆಂಟರ್ ವಿಭಾಗದಿಂದ ಬಂದಿದೆ, ಮತ್ತು ಮೂರು ನೇರ ಗ್ರಾಹಕರು ಒಬ್ಬೊಬ್ಬರೇ ಶೇ. 10ಕ್ಕಿಂತ ಹೆಚ್ಚು ಖರೀದಿಸಿದ್ದಾರೆ. ಕೊನೆಯಲ್ಲಿ ಈ ಚಿಪ್‌ಗಳಿಗೆ ಹಣ ಸುರಿಯುತ್ತಿರುವವರು ಮೈಕ್ರೋಸಾಫ್ಟ್, ಅಮೆಜಾನ್, ಗೂಗಲ್, ಮೆಟಾದಂತಹ ಕೆಲವೇ ದೊಡ್ಡವರು. ಅವರಲ್ಲೊಬ್ಬರು ಮುಂದಿನ ವರ್ಷದ ಖರ್ಚನ್ನು ಸ್ವಲ್ಪ ಕಡಿತ ಮಾಡುತ್ತೇವೆಂದರೂ ಚಿಪ್ಪಿನವರಿಂದ ಹಿಡಿದು ವಿದ್ಯುತ್ ಉಪಕರಣದವರ ತನಕ ಎಲ್ಲರ ಷೇರು ನಡುಗುತ್ತದೆ. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಅಮೆಜಾನ್ 2025ರ ಆರಂಭದಿಂದ ತನ್ನ ಕೆಲವು ಸರ್ವರ್‌ಗಳ ಬಾಳಿಕೆಯ ಲೆಕ್ಕವನ್ನು ಆರು ವರ್ಷದಿಂದ ಐದಕ್ಕೆ ಇಳಿಸಿತು. ಎಐ ಕ್ಷೇತ್ರದಲ್ಲಿ ತಂತ್ರಜ್ಞಾನ ಬದಲಾಗುತ್ತಿರುವ ವೇಗವನ್ನೇ ಅದಕ್ಕೆ ಕಾರಣವಾಗಿ ಕೊಟ್ಟಿತು. ಯಂತ್ರ ಬೇಗ ಹಳತಾದಷ್ಟೂ ವರ್ಷವರ್ಷದ ಸವಕಳಿ ಖರ್ಚು ಹೆಚ್ಚುತ್ತದೆ, ಲಾಭ ಅಷ್ಟು ತೆಳುವಾಗುತ್ತದೆ. ಲೆಕ್ಕಪತ್ರ ನೋಡುವವನಾಗಿ ನನಗೆ ಷೇರಿನ ದಿನದ ಬೆಲೆಗಿಂತ ಇಂತಹ ಸಾಲುಗಳೇ ಹೆಚ್ಚು ಮುಖ್ಯವೆನಿಸುತ್ತವೆ.

ಎಐ ತಂತ್ರಜ್ಞಾನ ನಿಜವಾದದ್ದೇ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ತಂತ್ರಜ್ಞಾನ ಗೆಲ್ಲುವುದು ಬೇರೆ, ನೀವು ಕೊಟ್ಟ ಬೆಲೆಗೆ ಷೇರು ಲಾಭ ತರುವುದು ಬೇರೆ. 2000ದ ಮಾರ್ಚ್‌ನಲ್ಲಿ ಇಂಟರ್ನೆಟ್ಟಿಗೆ ಬೇಕಾದ ಉಪಕರಣ ಮಾಡುತ್ತಿದ್ದ ಸಿಸ್ಕೊ ಸ್ವಲ್ಪ ಕಾಲ ಜಗತ್ತಿನಲ್ಲೇ ಅತಿ ಹೆಚ್ಚು ಮೌಲ್ಯದ ಕಂಪನಿಯಾಗಿತ್ತು. ಇಂಟರ್ನೆಟ್ ಎಲ್ಲರ ನಿರೀಕ್ಷೆ ಮೀರಿ ಬೆಳೆಯಿತು, ಸಿಸ್ಕೊ ಇಂದಿಗೂ ಲಾಭದಲ್ಲಿದೆ. ಆದರೂ 2002ರ ಹೊತ್ತಿಗೆ ಆ ಷೇರು ಶೇ. 80ಕ್ಕಿಂತ ಹೆಚ್ಚು ಕುಸಿದಿತ್ತು, ತುದಿಯಲ್ಲಿ ಕೊಂಡವರು ಅದೇ ಬೆಲೆಯನ್ನು ಮತ್ತೆ ನೋಡಲು ಎರಡು ದಶಕಕ್ಕೂ ಹೆಚ್ಚು ಕಾಯಬೇಕಾಯಿತು.

ಕಾಫಿ ಬೆಳೆಗಾರರು ವಿಶೇಷವಾಗಿ ಯೋಚಿಸಬೇಕಾದ ಇನ್ನೊಂದು ವಿಷಯ ಡಾಲರ್. ನಮ್ಮ ಚೆರ್ರಿಯ ಬೆಲೆ ಲಂಡನ್ ಟರ್ಮಿನಲ್ಲಿನಲ್ಲಿ, ಅಂದರೆ ಅಲ್ಲಿನ ಕಾಫಿ ವಾಯಿದಾ ಪೇಟೆಯಲ್ಲಿ, ಡಾಲರಿನಲ್ಲೇ ನಿಗದಿಯಾಗುತ್ತದೆ. 2024ರಲ್ಲಿ ಟನ್ನಿಗೆ 5,000 ಡಾಲರ್ ದಾಟಿದ್ದ ರೋಬಸ್ಟಾ 2025ರ ಮಧ್ಯದಲ್ಲಿ 4,000ಕ್ಕಿಂತ ಕೆಳಗಿಳಿದದ್ದು ನಿಮಗೂ ನೆನಪಿರುತ್ತದೆ. ಅಂದರೆ ನಿಮ್ಮ ಆದಾಯ ಈಗಾಗಲೇ ಹೊಯ್ದಾಡುವ ಮಾರುಕಟ್ಟೆಯೊಂದನ್ನೂ ಡಾಲರನ್ನೂ ನಂಬಿಕೊಂಡಿದೆ. ಉಳಿತಾಯವನ್ನೂ ಅಮೆರಿಕದ ಷೇರಿಗೇ ಹಾಕಿದರೆ, ರೂಪಾಯಿ ಬಲಗೊಂಡ ವರ್ಷ ಎರಡಕ್ಕೂ ಒಟ್ಟಿಗೇ ಪೆಟ್ಟು ಬೀಳುತ್ತದೆ. ಆದ್ದರಿಂದ ಒಂದು ವರ್ಷದ ತೋಟದ ಖರ್ಚನ್ನು ಬ್ಯಾಂಕ್ ಠೇವಣಿಯಲ್ಲಿ ಇಟ್ಟ ಮೇಲೆಯೇ ಷೇರಿನ ಮಾತು.

ಇನ್ನು ದಾರಿಗಳ ವಿಚಾರ. ಇನ್ಫೋಸಿಸ್, ಟಿಸಿಎಸ್‌ನಂತಹ ಐಟಿ ಸೇವಾ ಕಂಪನಿಗಳನ್ನು ಎಐ ಷೇರುಗಳೆಂದು ಕೊಳ್ಳುವುದು ಸರಿಯಲ್ಲ. ಎಐ ಅವರಿಗೆ ಕೆಲಸವನ್ನೂ ಕೊಡಬಹುದು, ಅವರ ಹಳೆಯ ಕೆಲಸವನ್ನು ಕಿತ್ತುಕೊಳ್ಳಲೂಬಹುದು. ಒಂದೇ ಕಂಪನಿಯನ್ನು ಆರಿಸುವ ಬದಲು ಅಮೆರಿಕದ ನ್ಯಾಸ್‌ಡ್ಯಾಕ್ 100 ಸೂಚ್ಯಂಕದ ಫಂಡ್ ಅಥವಾ ಇಟಿಎಫ್ (ಷೇರಿನಂತೆ ಷೇರುಪೇಟೆಯಲ್ಲೇ ಕೊಂಡು ಮಾರುವ ಫಂಡ್) ಉತ್ತಮ. ಅದರಲ್ಲಿ ಎನ್‌ವಿಡಿಯಾ, ಮೈಕ್ರೋಸಾಫ್ಟ್ ಜೊತೆಗೆ ಎಐಗೆ ಸಂಬಂಧವಿಲ್ಲದ ಕಂಪನಿಗಳೂ ಇವೆ. ಆದರೆ ನಮ್ಮ ಷೇರುಪೇಟೆಯಲ್ಲಿ ಇಟಿಎಫ್ ಕೊಳ್ಳುವಾಗ ಅದರ ಬೆಲೆಯ ಪಕ್ಕದಲ್ಲಿ ಐಎನ್‌ಎವಿ ಎಂಬ ಅಂಕಿಯನ್ನು ತಪ್ಪದೆ ನೋಡಿ. ಅದು ಆ ಕ್ಷಣಕ್ಕೆ ಇಟಿಎಫ್‌ನ ಒಳಗಿರುವ ಷೇರುಗಳ ಅಂದಾಜು ಮೌಲ್ಯ. ಭಾರತದ ಮ್ಯೂಚುವಲ್ ಫಂಡ್‌ಗಳ ವಿದೇಶಿ ಹೂಡಿಕೆಗೆ ಒಟ್ಟು 700 ಕೋಟಿ ಡಾಲರ್ ಮಿತಿ ಇರುವುದರಿಂದ ಹೊಸ ಯೂನಿಟ್‌ಗಳು ಸಾಕಷ್ಟು ಬರುವುದಿಲ್ಲ, ಹಾಗಾಗಿ ಬೇಡಿಕೆ ಹೆಚ್ಚಿದಾಗ ನೂರು ರೂಪಾಯಿಯ ಸರಕು ನೂರಹತ್ತಕ್ಕೆ ಮಾರಾಟವಾಗುವುದುಂಟು. ಆ ಹೆಚ್ಚುವರಿ ಹತ್ತು ರೂಪಾಯಿ ಯಾವ ದಿನ ಬೇಕಾದರೂ ಕರಗಬಹುದು.

ಬ್ಯಾಂಕಿನ ಮೂಲಕ ಡಾಲರ್ ಕಳುಹಿಸಿ ನೇರವಾಗಿ ಅಮೆರಿಕದ ಷೇರು ಕೊಳ್ಳುವ ದಾರಿಯೂ ಇದೆ. ಒಬ್ಬರಿಗೆ ಹಣಕಾಸು ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್ ಮಿತಿ. ಈ ಸೌಲಭ್ಯ ವ್ಯಕ್ತಿಗಳಿಗೆ ಮಾತ್ರ. ನಿಮ್ಮ ತೋಟದ ಲೆಕ್ಕ ಅವಿಭಕ್ತ ಕುಟುಂಬದ ಹೆಸರಿನಲ್ಲಿದ್ದರೆ ಆ ಖಾತೆಯಿಂದ ಕಳುಹಿಸಲಾಗದು. ಕೃಷಿ ಆದಾಯಕ್ಕೆ ತೆರಿಗೆಯಿಲ್ಲವೆಂದು ನಮ್ಮಲ್ಲಿ ರಿಟರ್ನ್ ಸಲ್ಲಿಸದವರು ಬಹಳ ಮಂದಿ ಇದ್ದಾರೆ. ಅವರು ಇದನ್ನು ಚೆನ್ನಾಗಿ ತಿಳಿದಿರಬೇಕು: ಒಂದೇ ಒಂದು ವಿದೇಶಿ ಷೇರು ನಿಮ್ಮ ಹೆಸರಿಗೆ ಬಂದರೂ, ಆದಾಯ ಎಷ್ಟೇ ಇರಲಿ, ರಿಟರ್ನ್ ಸಲ್ಲಿಸಲೇಬೇಕು, ವಿದೇಶಿ ಆಸ್ತಿಯ ಪಟ್ಟಿಯಲ್ಲಿ ಅದನ್ನು ತೋರಿಸಲೇಬೇಕು. ತೋರಿಸದಿದ್ದರೆ ದಂಡ ಹತ್ತು ಲಕ್ಷದವರೆಗೆ ಹೋಗಬಹುದು. ಸಣ್ಣ ಮೊತ್ತಕ್ಕೆ ಈಗ ವಿನಾಯಿತಿ ಇದೆಯಾದರೂ ಅದನ್ನು ನೆಚ್ಚಿಕೊಂಡು ಬಿಟ್ಟುಬಿಡುವುದು ತರವಲ್ಲ. ಅಂತಹ ಷೇರನ್ನು 24 ತಿಂಗಳು ಮೀರಿ ಇಟ್ಟುಕೊಂಡು ಮಾರಿದರೆ ಲಾಭಕ್ಕೆ ಶೇ. 12.5ರ ತೆರಿಗೆ, ಮುಂಚೆ ಮಾರಿದರೆ ನಿಮ್ಮ ಸ್ಲ್ಯಾಬ್ ಪ್ರಕಾರ.

ಇಳಿಯಲೆಂದು ಕಾಯುವ ಬಗ್ಗೆ ಹೇಳುವುದಾದರೆ, ತಳ ಯಾವುದೆಂದು ಆ ದಿನ ಯಾರಿಗೂ ತಿಳಿಯುವುದಿಲ್ಲ. 2025ರ ಏಪ್ರಿಲ್‌ನಲ್ಲಿ ಅಮೆರಿಕದ ಸುಂಕದ ಘೋಷಣೆಗೆ ಕುಸಿದಿದ್ದ ನ್ಯಾಸ್‌ಡ್ಯಾಕ್, ಸುಂಕವನ್ನು ತಾತ್ಕಾಲಿಕವಾಗಿ ತಡೆಹಿಡಿದ 9ರಂದು ಒಂದೇ ದಿನ ಶೇ. 12ರಷ್ಟು ಜಿಗಿಯಿತು; ಇನ್ನೂ ಇಳಿಯಲೆಂದು ಕಾದವರಿಗೆ ಆ ದಿನ ತಪ್ಪಿಹೋಯಿತು. ಖರ್ಚು ತೆಗೆದಿಟ್ಟ ಮೇಲೆ ನಿಮಗೆ ಎರಡು ಲಕ್ಷ ಉಳಿಯುತ್ತದೆ ಎಂದಿಟ್ಟುಕೊಳ್ಳಿ. ಅದನ್ನು ಲಿಕ್ವಿಡ್ ಫಂಡಿನಲ್ಲಿ (ಅಲ್ಪಾವಧಿ ಸಾಲಪತ್ರಗಳ, ಬೇಗ ಹಣ ತೆಗೆಯಬಹುದಾದ ಮ್ಯೂಚುವಲ್ ಫಂಡ್) ಇಟ್ಟು, ತಿಂಗಳಿಗೊಂದು ಸಮನಾದ ಕಂತಿನಂತೆ ಹನ್ನೆರಡು ತಿಂಗಳಲ್ಲಿ ಹಾಕಿ. ನಡುವೆ ಬೆಲೆ ಕುಸಿದರೂ ಕಂತು ನಿಲ್ಲಿಸಬೇಡಿ, ಏರಿತೆಂದು ದೊಡ್ಡದು ಮಾಡಲೂಬೇಡಿ. ಬೆಳೆ ಸಾಲ ಬಾಕಿಯಿದ್ದರೆ ಕಂತು ಆರಂಭಿಸುವ ಮೊದಲು ಅದನ್ನು ತೀರಿಸಿ.