ಸೈಟೋ, ಎಸ್‌ಐಪಿಯೋ? ಮೊದಲು ತಂಗಿಯ ಮದುವೆ ದುಡ್ಡು ಬೇರೆ ಇಡಿ

ಈ ಸಲ ಮೂರು ಪತ್ರಗಳಿಗೆ ಉತ್ತರಿಸಿದ್ದೇನೆ. ಮೊದಲನೆಯದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಬೆಂಗಳೂರಿನಲ್ಲಿ ಬಾಡಿಗೆ ಕಟ್ಟುತ್ತಾ ಊರಿಗೂ ದುಡ್ಡು ಕಳಿಸುವ ಎಷ್ಟೋ ಮನೆಗಳ ಲೆಕ್ಕ ಅದರಲ್ಲಿದೆ.

ಪ್ರಶ್ನೆ: ನನಗೆ 36 ವರ್ಷ. ಖಾಸಗಿ ಕಂಪನಿಯಲ್ಲಿ ಕೆಲಸ, ಕೈಗೆ ₹95,000 ಬರುತ್ತದೆ. ಹೆಂಡತಿ ಶಾಲಾ ಶಿಕ್ಷಕಿ, ₹28,000. ಮಗಳಿಗೆ 6 ವರ್ಷ. ಬಾಡಿಗೆ ₹22,000, ಮನೆಖರ್ಚು ₹35,000, ಶಾಲೆ ಫೀಸು ತಿಂಗಳ ಲೆಕ್ಕದಲ್ಲಿ ₹8,000, ಹಾವೇರಿ ಜಿಲ್ಲೆಯ ಊರಿನಲ್ಲಿರುವ ಅಪ್ಪ-ಅಮ್ಮನಿಗೆ ₹15,000, ಕಾರಿನ ಕಂತು ₹9,500 (ಇನ್ನೂ ಎರಡು ವರ್ಷ), ಚೀಟಿ ₹10,000 (5 ಲಕ್ಷದ್ದು, 14 ತಿಂಗಳು ಬಾಕಿ, ಇನ್ನೂ ಎತ್ತಿಲ್ಲ), ಹಳೆಯ ವಿಮೆ ಪಾಲಿಸಿಗೆ ₹3,000. ಎಫ್‌ಡಿ 6 ಲಕ್ಷ ಇದೆ. ಊರಲ್ಲಿ ನಾಲ್ಕು ಎಕರೆ ಜಮೀನು. ಎರಡು ವರ್ಷದಲ್ಲಿ ತಂಗಿಯ ಮದುವೆ, ನನ್ನ ಪಾಲಿಗೆ 6 ಲಕ್ಷ ಬರಬಹುದು. ನೆಲಮಂಗಲದಾಚೆ 45 ಲಕ್ಷಕ್ಕೆ ಸೈಟಿದೆ, 35 ಲಕ್ಷ ಸಾಲ ಮಾಡಿ ತಗೋ ಅಂತ ಗೆಳೆಯರ ಒತ್ತಾಯ. ನನಗೆ ಎಸ್‌ಐಪಿ ಮೂಲಕ ತಿಂಗಳಿಗಿಷ್ಟು ಎಂದು ಷೇರುಪೇಟೆಯಲ್ಲಿ ಹಾಕುವ ಆಸೆ. ಹೆಂಡತಿಗೆ ಎರಡೂ ಬೇಡ. ಇದೇ ವಿಷಯಕ್ಕೆ ಮನೆಯಲ್ಲಿ ಮಾತಿಗೆ ಮಾತು ಬೆಳೆಯುತ್ತಿದೆ. ಇರುವ ಜೀವನವನ್ನು ತೀರಾ ಬಿಗಿ ಮಾಡಿಕೊಳ್ಳದೆ ನಾಲ್ಕು ಕಾಸು ಆಸ್ತಿ ಮಾಡುವುದು ಹೇಗೆ?
— ಓದುಗರು, ಬೆಂಗಳೂರು

ಉತ್ತರ: ಇಷ್ಟು ವಿವರವಾಗಿ ಬರೆದದ್ದಕ್ಕೆ ಧನ್ಯವಾದ. ನಿಮ್ಮ ತಿಂಗಳ ಖರ್ಚು ಕೂಡಿದರೆ ₹1,02,500. ಇಬ್ಬರ ಸಂಬಳ ₹1,23,000. ಉಳಿಯುವುದು ₹20,500.

ಈಗ ಸೈಟಿನ ಲೆಕ್ಕ ನೋಡಿ. 35 ಲಕ್ಷ ಸಾಲಕ್ಕೆ 9% ಬಡ್ಡಿ, 15 ವರ್ಷದ ಅವಧಿ ಎಂದುಕೊಂಡರೆ ತಿಂಗಳ ಕಂತು ಸುಮಾರು ₹35,500. ಚೀಟಿ ಮುಗಿದ ಮೇಲೂ ನಿಮ್ಮ ಕೈಯಲ್ಲಿ ಉಳಿಯುವುದು ₹30,500. ಕೊರತೆ ಬೀಳುವ ಐದು ಸಾವಿರಕ್ಕೆ ಊರಿಗೆ ಕಳಿಸುವುದನ್ನು ಕಡಿಮೆ ಮಾಡಬೇಕು, ಇಲ್ಲವೇ ಕ್ರೆಡಿಟ್ ಕಾರ್ಡ್ ಉಜ್ಜಬೇಕು. ಜೊತೆಗೆ ಮುಂಗಡದ 10 ಲಕ್ಷಕ್ಕೆ ಎಫ್‌ಡಿಯೂ ಹೋಗುತ್ತದೆ, ಚೀಟಿಯೂ ಹೋಗುತ್ತದೆ. ತಂಗಿಯ ಮದುವೆಗೆ ಬರಿಗೈ. ಖಾಲಿ ಸೈಟಿನಿಂದ ಬಾಡಿಗೆ ಬರುವುದಿಲ್ಲ, ಮನೆ ಕಟ್ಟುವವರೆಗೆ ಅದರ ಸಾಲದ ಬಡ್ಡಿಗೆ ತೆರಿಗೆ ವಿನಾಯಿತಿಯೂ ಇಲ್ಲ. ಕಟ್ಟಿದ ಮೇಲೂ, ನೀವು ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ, ಸ್ವಂತ ವಾಸದ ಮನೆಯ ಬಡ್ಡಿಗೆ ಕಡಿತ ಸಿಗದು. ಹಾಗಾಗಿ ಈಗ ಸೈಟು ಬೇಡ ಎನ್ನುವುದು ನನ್ನ ಸ್ಪಷ್ಟ ಅಭಿಪ್ರಾಯ. ನಿಮ್ಮ ಮನೆಯವರ ಹೆದರಿಕೆಗೆ ಕಾರಣವಿದೆ. ಅವರ ಮನಸ್ಸಿನಲ್ಲಿರುವುದೂ ಬಹುಶಃ ಇದೇ ಲೆಕ್ಕ.

ರಿಸ್ಕ್ ಎಷ್ಟು ತೆಗೆದುಕೊಳ್ಳಬಹುದು ಎಂಬುದನ್ನು ನಾವು ಧೈರ್ಯದ ವಿಷಯ ಮಾಡಿಬಿಡುತ್ತೇವೆ. ಗಂಡ ಧೈರ್ಯವಂತ, ಹೆಂಡತಿ ಪುಕ್ಕಲು ಎಂದು ಮಾತು ಅಲ್ಲಿಗೇ ನಿಲ್ಲುತ್ತದೆ. ನಾನು ಕೇಳುವುದು ಬೇರೆ: ಈ ದುಡ್ಡು ಯಾವಾಗ ಬೇಕು? ಯಾರಿಗೆ ಬೇಕು? ಆ ದಿನ ಅದು ಅರ್ಧವಾಗಿದ್ದರೆ ಯಾರ ಮುಂದೆ ತಲೆ ತಗ್ಗಿಸಬೇಕಾಗುತ್ತದೆ? 2008ರ ಜನವರಿಯಲ್ಲಿ 21,000ದ ಆಸುಪಾಸಿನಲ್ಲಿದ್ದ ಸೆನ್ಸೆಕ್ಸ್ ಅದೇ ಅಕ್ಟೋಬರ್ ಹೊತ್ತಿಗೆ 8,000ದ ಹತ್ತಿರ ಬಂತು. 2020ರ ಜನವರಿಯಲ್ಲಿ 42,000 ಮುಟ್ಟಿದ್ದು ಮಾರ್ಚ್ 23ರಂದು 26,000ಕ್ಕಿಂತ ಕೆಳಗೆ ಮುಗಿಯಿತು. ಎರಡು ಸಲವೂ ಪೇಟೆ ಮತ್ತೆ ಎದ್ದಿತು. ಆದರೆ ಮುಹೂರ್ತ ಇಟ್ಟ ಮದುವೆ ಪೇಟೆ ಏಳುವವರೆಗೆ ಕಾಯುವುದಿಲ್ಲ. ಹದಿನೈದು ವರ್ಷ ಮುಟ್ಟದ ದುಡ್ಡಿಗೆ ಆ ಕುಸಿತ ತಡೆದುಕೊಳ್ಳುವ ಶಕ್ತಿ ಇರುತ್ತದೆ, ಎರಡು ವರ್ಷದ ದುಡ್ಡಿಗೆ ಇರುವುದಿಲ್ಲ. ನೀವೂ ಒಬ್ಬರೇ, ಧೈರ್ಯವೂ ಅಷ್ಟೇ. ಆದರೂ ಎರಡು ದುಡ್ಡಿಗೆ ಎರಡು ಜಾಗ ಬೇಕು.

ಹಾಗಾದರೆ ಮೊದಲು ಮದುವೆ. ಚೀಟಿ 14 ತಿಂಗಳಿಗೆ ಮುಗಿದಾಗ 5 ಲಕ್ಷದ ಹತ್ತಿರ ಕೈಗೆ ಬರುತ್ತದೆ. ಅದನ್ನು ಹಾಗೇ ಬ್ಯಾಂಕಿನಲ್ಲಿಡಿ. ಚೀಟಿಗೆ ಕಟ್ಟುತ್ತಿದ್ದ ಹತ್ತು ಸಾವಿರವನ್ನು ಉಳಿದ ಹತ್ತು ತಿಂಗಳು ಆರ್‌ಡಿಗೆ ಹಾಕಿ, ಇನ್ನೊಂದು ಲಕ್ಷವಾಯಿತು. ನಿಮ್ಮ ಪಾಲಿನ 6 ಲಕ್ಷ ಅಲ್ಲಿಗೆ ತುಂಬಿತು. ನಿಮ್ಮ ಚೀಟಿ 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಣಿಯಾಗಿದೆಯೇ ಎಂದು ನೀವು ಬರೆದಿಲ್ಲ. ಇವತ್ತೇ ವಿಚಾರಿಸಿ. ಪರಿಚಯದವರು ಬಾಯಿಮಾತಿನಲ್ಲಿ ನಡೆಸುವ ಚೀಟಿಯಾದರೆ ಕೊನೆಯವರೆಗೆ ಕಾಯುವುದೇ ಅಪಾಯ. ಸ್ವಲ್ಪ ಬಿಟ್ಟುಕೊಟ್ಟಾದರೂ ಮುಂದಿನ ಹರಾಜಿನಲ್ಲೇ ಕೂಗಿ ಎತ್ತಿಬಿಡಿ.

ಎಫ್‌ಡಿಯ 6 ಲಕ್ಷ ಮುಟ್ಟಲೇಬೇಡಿ. ಕೆಲಸ ಹೋದರೆ ಆರು ತಿಂಗಳು ಮನೆ ನಡೆಸುವ ದುಡ್ಡು ಅದು. ಬಡ್ಡಿ ಕಡಿಮೆ ಎಂದು ಕೊರಗಬೇಡಿ. ಆ ಹಣ ಇದ್ದರೇನೇ ಪೇಟೆ ಬಿದ್ದಾಗ ನೀವು ಎಸ್‌ಐಪಿ ನಿಲ್ಲಿಸದೆ ಇರುತ್ತೀರಿ.

ನಿಮ್ಮ ಪತ್ರದಲ್ಲಿ ನನಗೆ ನಿಜವಾಗಿ ಆತಂಕ ಹುಟ್ಟಿಸಿದ್ದು ವಿಮೆ. ವರ್ಷಕ್ಕೆ ₹36,000 ಕಟ್ಟುವ ಹಳೆಯ ಬಗೆಯ ಉಳಿತಾಯ ಪಾಲಿಸಿಯಲ್ಲಿ ಜೀವವಿಮೆಯ ಮೊತ್ತ ಸಾಮಾನ್ಯವಾಗಿ ಕೆಲವೇ ಲಕ್ಷ ಇರುತ್ತದೆ. ನಿಮ್ಮನ್ನು ನೆಚ್ಚಿ ಬದುಕುವವರು ಎರಡು ಊರಿನಲ್ಲಿದ್ದಾರೆ. 60 ವರ್ಷದವರೆಗೆ 1 ಕೋಟಿಯ ಟರ್ಮ್ ಪಾಲಿಸಿ (ಉಳಿತಾಯವಿಲ್ಲದ, ಜೀವಕ್ಕೆ ಮಾತ್ರ ವಿಮೆ) ತೆಗೆದುಕೊಳ್ಳಿ. ತಿಂಗಳಿಗೆ ಒಂದೂವರೆ ಸಾವಿರದ ಆಸುಪಾಸು ಎಂದಿಟ್ಟುಕೊಳ್ಳಿ, ಆರೋಗ್ಯ ನೋಡಿ ಹೆಚ್ಚು ಕಡಿಮೆಯಾಗಬಹುದು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವವಿಮೆ ಮತ್ತು ಆರೋಗ್ಯ ವಿಮೆಯ ಕಂತಿನ ಮೇಲೆ ಜಿಎಸ್‌ಟಿ ಇಲ್ಲ. ಪಾಲಿಸಿಯನ್ನು 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಡಿ ಹೆಂಡತಿ, ಮಗಳ ಹೆಸರಿಗೆ ಮಾಡಿಸಿ. ಅರ್ಜಿ ತುಂಬುವಾಗಲೇ ಹೇಳಬೇಕು, ಆಮೇಲೆ ಆಗುವುದಿಲ್ಲ. ಹೀಗೆ ಮಾಡಿದರೆ ನಾಳೆ ನಿಮ್ಮ ಮೇಲೆ ಎಷ್ಟೇ ಸಾಲವಿದ್ದರೂ ಸಾಲ ಕೊಟ್ಟವರು ಆ ಹಣಕ್ಕೆ ಕೈ ಹಾಕಲಾರರು. ಟರ್ಮ್ ಪಾಲಿಸಿ ಕೈಗೆ ಬಂದ ಮೇಲಷ್ಟೇ ಹಳೆಯದನ್ನು ಸರೆಂಡರ್ ಮಾಡುವುದೋ, ಕಂತು ನಿಲ್ಲಿಸಿ ಪೇಯ್ಡ್-ಅಪ್ ಮಾಡುವುದೋ ಎಂದು ಲೆಕ್ಕ ಕೇಳಿ.

ಅಪ್ಪ-ಅಮ್ಮನ ಆರೋಗ್ಯ ವಿಮೆಗೆ ತಿಂಗಳಿಗೆ ನಾಲ್ಕು ಸಾವಿರ ತೆಗೆದಿಡಿ. ಕಂಪನಿಯ ವಿಮೆ ಕೆಲಸ ಇರುವವರೆಗೆ ಮಾತ್ರ. 65 ದಾಟಿದವರಿಗೆ ಹೊಸ ಪಾಲಿಸಿ ಸಿಗುವುದಿಲ್ಲ ಎಂಬ ಮಾತು ಹಳೆಯದಾಯಿತು, 2024ರಲ್ಲಿ ಆ ವಯಸ್ಸಿನ ಮಿತಿ ಹೋಗಿದೆ. ಮೊದಲೇ ಇರುವ ಬಿಪಿ, ಸಕ್ಕರೆ ಕಾಯಿಲೆಗೆ ಕಾಯುವ ಅವಧಿಯೂ ಹೆಚ್ಚೆಂದರೆ ಮೂರು ವರ್ಷಕ್ಕೆ ಇಳಿದಿದೆ. ಇರುವ ಕಾಯಿಲೆ ಮುಚ್ಚಿಡಬೇಡಿ. ಅಪ್ಪ ಊರಿನ ಸಹಕಾರ ಸಂಘದ ಸದಸ್ಯರಾಗಿದ್ದರೆ ಯಶಸ್ವಿನಿ ಆರೋಗ್ಯ ಯೋಜನೆಗೂ ಹೆಸರು ಸೇರಿಸಿ. ಅದರ ನೋಂದಣಿ ವರ್ಷದಲ್ಲಿ ಕೆಲವು ತಿಂಗಳು ಮಾತ್ರ ತೆರೆದಿರುತ್ತದೆ.

ಮಗಳಿಗೆ ಹತ್ತು ತುಂಬುವ ಮೊದಲು ಸುಕನ್ಯಾ ಸಮೃದ್ಧಿ ಖಾತೆ ತೆರೆದು ತಿಂಗಳಿಗೆ ನಾಲ್ಕು ಸಾವಿರ ಹಾಕಿ. 2024ರ ಜನವರಿಯಿಂದ 2025ರ ಕೊನೆಯವರೆಗೂ ಬಡ್ಡಿ 8.2% ಇತ್ತು, ಮೂರು ತಿಂಗಳಿಗೊಮ್ಮೆ ಸರ್ಕಾರ ಪರಿಷ್ಕರಿಸುತ್ತದೆ. ಹಣ ಕಟ್ಟುವುದು 15 ವರ್ಷ, ಖಾತೆ ಮುಗಿಯುವುದು ತೆರೆದ ದಿನದಿಂದ 21 ವರ್ಷಕ್ಕೆ. ಓದಿಗಾದರೆ 18 ತುಂಬಿದ ಮೇಲೆ ಅರ್ಧದವರೆಗೆ ತೆಗೆಯಬಹುದು. ಉಳಿದದ್ದರಲ್ಲಿ ಎಂಟು ಸಾವಿರವನ್ನು ದೇಶದ 50 ದೊಡ್ಡ ಕಂಪನಿಗಳ ಷೇರಿಗೆ ಹಣ ಹಾಕುವ ನಿಫ್ಟಿ ಇಂಡೆಕ್ಸ್ ಫಂಡ್‌ಗೆ ಎಸ್‌ಐಪಿ ಮಾಡಿ. ಇದು ನಿಮ್ಮಿಬ್ಬರ ಐವತ್ತು ದಾಟಿದ ವಯಸ್ಸಿನ ದುಡ್ಡು, ಸದ್ಯಕ್ಕೆ ಅದರ ನೆನಪೇ ಬೇಡ. ಎಲ್ಲ ಸೇರಿ ₹17,500 ಆಯಿತು. ಉಳಿದ ಮೂರು ಸಾವಿರ ನಿಮ್ಮಿಬ್ಬರದು. ಅದಕ್ಕೆ ಲೆಕ್ಕ ಕೇಳಬೇಡಿ. ಮಗಳನ್ನು ಕರೆದುಕೊಂಡು ಹೊರಗೆ ಹೋಗುವುದನ್ನೂ ನಿಲ್ಲಿಸಿ ಉಳಿಸಿದವರು ವರ್ಷ ತಿರುಗುವ ಮೊದಲೇ ಬೇಸತ್ತು ಎಲ್ಲವನ್ನೂ ಬಿಟ್ಟದ್ದು ಕಂಡಿದ್ದೇನೆ.

ಎರಡು ವರ್ಷ ಕಳೆದ ಮೇಲೆ ಕಾರಿನ ಕಂತು ಮುಗಿಯುತ್ತದೆ, ಆರ್‌ಡಿಯೂ ಮುಗಿಯುತ್ತದೆ. ತಿಂಗಳಿಗೆ ₹19,500 ಬಿಡುವಾಗುತ್ತದೆ. ಹೊಸ ಕಾರಿನ ಜಾಹೀರಾತು ಆಗಲೇ ಕಣ್ಣಿಗೆ ಬೀಳುವುದು. ಅದರಲ್ಲಿ ಅರ್ಧ ಜೀವನಕ್ಕೆ, ಅರ್ಧ ಉಳಿತಾಯಕ್ಕೆ ಎಂದು ಇಬ್ಬರೂ ಈಗಲೇ ಮಾತಾಡಿಕೊಳ್ಳಿ. ಸ್ವಂತ ಮನೆಯ ಮಾತನ್ನು ಆಗ ಎತ್ತೋಣ. ಆಗಲೂ ಇ-ಖಾತಾ, ಮೂವತ್ತು ವರ್ಷದ ಇಸಿ (ಋಣಭಾರ ಪತ್ರ), ಬಡಾವಣೆಯ ನಕ್ಷೆಗೆ ಪ್ರಾಧಿಕಾರದ ಅನುಮೋದನೆ ಇಲ್ಲದೆ ಮುಂಗಡ ಕೊಡಬೇಡಿ. ‘ಬ್ಯಾಂಕ್ ಸಾಲ ಬೇಡ ಬಿಡಿ, ಕ್ಯಾಶ್ ಕೊಟ್ಟರೆ ರೇಟು ಕಡಿಮೆ ಮಾಡ್ತೀವಿ’ ಎಂದರೆ ಎದ್ದು ಬನ್ನಿ. ಬ್ಯಾಂಕಿನ ವಕೀಲರು ಒಪ್ಪದ ಕಾಗದವನ್ನು ನೀವೂ ಒಪ್ಪಬಾರದು.

ಇನ್ನೊಂದು ಮಾತು, ಕಹಿಯಾದರೂ ಹೇಳಬೇಕು. ಊರಿನ ನಾಲ್ಕು ಎಕರೆಯನ್ನು ಪೂರ್ತಿ ನಿಮ್ಮದೆಂದು ಎಣಿಸಬೇಡಿ. ಪಿತ್ರಾರ್ಜಿತವಾಗಿದ್ದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ಪ್ರಕಾರ ತಂಗಿಗೂ ಸಮಪಾಲಿದೆ. ಮದುವೆಗೆ ಖರ್ಚು ಮಾಡಿದ ಮಾತ್ರಕ್ಕೆ ಆ ಹಕ್ಕು ತೀರುವುದಿಲ್ಲ.

ಪ್ರಶ್ನೆ: 26 ವರ್ಷ. ಎಫ್ ಅಂಡ್ ಒ (ಷೇರು ಬೆಲೆ ಏರುತ್ತೋ ಇಳಿಯುತ್ತೋ ಎಂದು ಬಾಜಿ ಕಟ್ಟುವ ಫ್ಯೂಚರ್ಸ್-ಆಪ್ಷನ್ಸ್) ಟ್ರೇಡಿಂಗ್‌ನಲ್ಲಿ ಒಂದೇ ವರ್ಷದಲ್ಲಿ 3.4 ಲಕ್ಷ ಹೋಯಿತು. ಮನೆಯಲ್ಲಿ ಗೊತ್ತಿಲ್ಲ. ಪರ್ಸನಲ್ ಲೋನ್ ತೆಗೆದು ಇನ್ನೊಂದು ಸಲ ಪ್ರಯತ್ನಿಸಿದರೆ ಹೋದದ್ದು ವಾಪಸ್ ಬರಬಹುದೇ?
— ಓದುಗರು, ಮಂಗಳೂರು

ಉತ್ತರ: ದಯವಿಟ್ಟು ಆ ಸಾಲ ತೆಗೆಯಬೇಡಿ. 2024ರ ಸೆಪ್ಟೆಂಬರ್‌ನಲ್ಲಿ ಷೇರುಪೇಟೆ ನಿಯಂತ್ರಕ ಸೆಬಿ ಪ್ರಕಟಿಸಿದ ಅಧ್ಯಯನದಲ್ಲಿ, 2021-22ರಿಂದ ಮೂರು ವರ್ಷ ಈ ವಹಿವಾಟು ಮಾಡಿದ ಜನಸಾಮಾನ್ಯರಲ್ಲಿ 93% ಮಂದಿಗೆ ನಷ್ಟ. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ಮೀರಿತ್ತು. ಹಾಗಾಗಿ ನೀವೊಬ್ಬರೇ ದಡ್ಡರು ಎಂದುಕೊಳ್ಳಬೇಡಿ. ಇವತ್ತೇ ಟ್ರೇಡಿಂಗ್ ಖಾತೆಯಲ್ಲಿ ಆ ವಿಭಾಗವನ್ನು ನಿಲ್ಲಿಸಿ. ಗಡುವಿನೊಳಗೆ ಆದಾಯ ತೆರಿಗೆ ರಿಟರ್ನ್‌ನಲ್ಲಿ ಈ ನಷ್ಟ ತೋರಿಸಿದರೆ ಎಂಟು ವರ್ಷದವರೆಗೆ ಮುಂದೆ ಬರುವ ವ್ಯಾಪಾರದ ಲಾಭಕ್ಕೆ ಹೊಂದಿಸಬಹುದು, ಅದಕ್ಕೊಬ್ಬ ಆಡಿಟರ್ ಸಾಕು. ಮನೆಯಲ್ಲಿ ಒಬ್ಬರಿಗಾದರೂ ಹೇಳಿ, ಅಕ್ಕನಿಗೋ ಅಮ್ಮನಿಗೋ. ಗುಟ್ಟು ಹೊತ್ತುಕೊಂಡವರೇ ಎರಡನೇ ಸಾಲಕ್ಕೆ ಕೈ ಚಾಚುವುದು.

ಪ್ರಶ್ನೆ: ನಿವೃತ್ತ ಶಿಕ್ಷಕಿ, 61 ವರ್ಷ, ಯಜಮಾನರು ಇಲ್ಲ. ಸ್ವಂತ ಮನೆ, ₹26,000 ಪಿಂಚಣಿ. ನಿವೃತ್ತಿಯಲ್ಲಿ ಬಂದ 38 ಲಕ್ಷದಲ್ಲಿ 8 ಲಕ್ಷ ಪತ್ತಿನ ಸಹಕಾರ ಸಂಘದಲ್ಲಿದೆ, 11% ಬಡ್ಡಿ. ಉಳಿದದ್ದನ್ನೂ ಅಲ್ಲಿಗೇ ಹಾಕಿ ಎನ್ನುತ್ತಾರೆ. ಮಗ ಭದ್ರಾವತಿಯಲ್ಲಿ ಹಾರ್ಡ್‌ವೇರ್ ಅಂಗಡಿ ಹಾಕಲು 15 ಲಕ್ಷ ಕೇಳುತ್ತಿದ್ದಾನೆ. ಮಗಳು ಮದುವೆಯಾಗಿ ಬೆಂಗಳೂರಿನಲ್ಲಿದ್ದಾಳೆ.
— ಓದುಗರು, ಶಿವಮೊಗ್ಗ

ಉತ್ತರ: ಮೇಡಂ, ಬ್ಯಾಂಕು ಮುಳುಗಿದರೆ ಒಬ್ಬ ಠೇವಣಿದಾರರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ವಿಮೆ ಇದೆ. ಸಹಕಾರಿ ಬ್ಯಾಂಕುಗಳಿಗೂ ಇದೆ. ಆದರೆ ಪತ್ತಿನ ಸಹಕಾರ ಸಂಘಗಳಿಗೆ, ಪತ್ತಿನ ಸೌಹಾರ್ದಗಳಿಗೆ ಆ ವಿಮೆ ಇಲ್ಲ. ಆ 11%ರೊಳಗೆ ಈ ಅಪಾಯದ ಬೆಲೆಯೂ ಸೇರಿದೆ. ಹೊಸದಾಗಿ ಒಂದು ರೂಪಾಯಿಯನ್ನೂ ಹಾಕಬೇಡಿ, 8 ಲಕ್ಷದ ಅವಧಿ ಮುಗಿದ ದಿನ ನವೀಕರಿಸದೆ ತೆಗೆಯಿರಿ.

ಬ್ಯಾಂಕಿನಲ್ಲಿರುವ 30 ಲಕ್ಷದಲ್ಲಿ 25 ಲಕ್ಷವನ್ನು ಅಂಚೆ ಕಚೇರಿ ಅಥವಾ ಬ್ಯಾಂಕಿನಲ್ಲಿ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹಾಕಿ. 2025ರ ಕೊನೆಯಲ್ಲಿದ್ದ 8.2% ದರದಲ್ಲಿ ಮೂರು ತಿಂಗಳಿಗೊಮ್ಮೆ ₹51,250 ಬರುತ್ತದೆ, ಖಾತೆ ತೆರೆದ ದಿನದ ದರವೇ ಐದು ವರ್ಷಕ್ಕೂ ನಡೆಯುತ್ತದೆ. ಪಿಂಚಣಿ ಜೊತೆ ತಿಂಗಳಿಗೆ ಹದಿನೇಳು ಸಾವಿರ ಸೇರಿತು. ಉಳಿದ 5 ಲಕ್ಷ ಆಸ್ಪತ್ರೆ-ಔಷಧಿಗೆಂದು ಎಫ್‌ಡಿಯಲ್ಲಿರಲಿ.

ಮಗನಿಗೆ 15 ಲಕ್ಷ ಬೇಡ. ಸಂಘದಿಂದ ಹಣ ಬಂದ ಮೇಲೆ 5 ಲಕ್ಷ ಕೊಡಿ. ಹೋದರೂ ನಿಮ್ಮ ಊಟಕ್ಕೆ, ಚಿಕಿತ್ಸೆಗೆ ಕುತ್ತು ಬಾರದ ಮೊತ್ತ ಅದು. ಇಲ್ಲ ಅನ್ನಲು ಕರುಳು ಒಪ್ಪುವುದಿಲ್ಲ, ಗೊತ್ತು. ಆದರೆ ಅವನಿಗೆ ದುಡಿಯಲು ಮೂವತ್ತು ವರ್ಷ ಮುಂದಿದೆ, ನಿಮಗೆ ಹೊಸದಾಗಿ ಗಳಿಸುವ ವಯಸ್ಸು ದಾಟಿದೆ. ಉಳಿದ ಹಣಕ್ಕೆ ಅವನು ಬ್ಯಾಂಕಿನಲ್ಲಿ ಮುದ್ರಾ ಸಾಲ ಕೇಳಲಿ, ಅದಕ್ಕೆ ಅಡಮಾನ ಬೇಡ. ಯಾವ ಕಾಗದದಲ್ಲೂ ನಿಮ್ಮ ಮನೆಯನ್ನು ಭದ್ರತೆಯಾಗಿ ಬರೆದುಕೊಡಬೇಡಿ.

ನೀವು ಕೇಳದಿದ್ದರೂ ಒಂದು ಕೆಲಸ ಹೇಳುತ್ತೇನೆ: ಉಯಿಲು ಬರೆಯಿರಿ. ಖಾತೆಗೆ ನಾಮಿನಿ ಇದ್ದ ಮಾತ್ರಕ್ಕೆ ಅವರೇ ಹಣದ ಒಡೆಯರಾಗುವುದಿಲ್ಲ. ಷೇರು, ಮ್ಯೂಚುವಲ್ ಫಂಡ್ ವಿಷಯದಲ್ಲೂ ಸುಪ್ರೀಂ ಕೋರ್ಟ್ 2023ರಲ್ಲಿ ಇದನ್ನೇ ಹೇಳಿದೆ. ಬಿಳಿ ಹಾಳೆಯಲ್ಲಿ ಬರೆದು, ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿದರೂ ಉಯಿಲು ಊರ್ಜಿತ. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಮಗನಿಗೆ ಕೊಡುವ ಐದು ಲಕ್ಷ ಸಾಲವೋ, ಅವನ ಪಾಲಿನಲ್ಲಿ ಮುಂಚಿತವಾಗಿ ಕೊಟ್ಟದ್ದೋ ಎಂಬುದನ್ನೂ ಅದರಲ್ಲೇ ಬರೆಯಿರಿ. ಹಣ ಕೊಡುವ ಮೊದಲೇ ಅದು ಮಗಳಿಗೂ ತಿಳಿದಿರಲಿ.