ಕೋವಿ ಇರುವ ಮನೆಯ ವಿಳಾಸ

ಕಾರ್ಕಳ ತಾಲೂಕಿನ ಓದುಗರೊಬ್ಬರ ಪತ್ರ: ‘ಉಡುಪಿ ಜಿಲ್ಲೆಯಲ್ಲಿ ಕೋವಿ ಲೈಸೆನ್ಸ್ ಇರುವವರ ಹೆಸರು, ವಿಳಾಸಗಳನ್ನು ಸರಕಾರ ಗ್ರಾಮವಾರು ಪ್ರಕಟಿಸಬೇಕು. ನೆರೆಮನೆಯಲ್ಲಿ ಕೋವಿ ಇದೆಯೇ ಎಂದು ತಿಳಿಯುವುದು ನಮ್ಮ ಹಕ್ಕಲ್ಲವೇ? ಮಾಹಿತಿ ಹಕ್ಕಿನ ಪರವಾಗಿ ಬರೆಯುವ ನೀವಾದರೂ ಪಟ್ಟಿ ತರಿಸಿ ಅಚ್ಚು ಹಾಕಿ.’

ಸಂಪಾದಕರ ಉತ್ತರ:

ಮಾನ್ಯರೇ, ನಿಮ್ಮ ಆತಂಕ ಸುಳ್ಳಲ್ಲ. ಜಾಗದ ತಕರಾರಿನಲ್ಲಿ ಕೋವಿ ಎತ್ತಿದವರ ಸುದ್ದಿಯನ್ನು ನಾವೂ ಪ್ರಕಟಿಸಿದ್ದೇವೆ. ಯಾರ ಕೈಯಲ್ಲಿ ಯಾವ ಕೋವಿ ಇದೆಯೆಂಬುದು ಜಿಲ್ಲಾಧಿಕಾರಿಗೂ ಠಾಣೆಗೂ ತಿಳಿದಿರಲೇಬೇಕು. ಆದರೆ ಠಾಣೆಗೆ ತಿಳಿದದ್ದೆಲ್ಲ ಊರಿಗೂ ತಿಳಿಯಬೇಕು ಎಂಬಲ್ಲಿ ನೀವು ಎಡವಿದ್ದೀರಿ.

2024ರ ಲೋಕಸಭಾ ಚುನಾವಣೆಯ ಹೊತ್ತಿಗೆ, ಅದು ಮುಗಿಯುವವರೆಗೆ ಕೋವಿಯನ್ನು ಠೇವಣಿ ಇಡಲೆಂದು ನನ್ನ ಸೋದರಮಾವನ ಜೊತೆ ಠಾಣೆಗೆ ಹೋಗಿದ್ದೆ. ಎಪ್ಪತ್ತು ದಾಟಿದ ಅವರು ಒಂಟಿ ನಳಿಗೆಯ ತೋಟಾಕೋವಿಯನ್ನು ಹಳೆಯ ಬೈರಾಸಿನಲ್ಲಿ ಸುತ್ತಿ, ರಿಕ್ಷಾದಲ್ಲಿ ಮೊಣಕಾಲ ನಡುವೆ ಹಿಡಿದು ಕುಳಿತಿದ್ದರು. ಅದು ಅಡಿಕೆ ತೋಟಕ್ಕೆ ನುಗ್ಗುವ ಹಂದಿ, ಮಂಗಗಳನ್ನು ಬೆದರಿಸಲು ಇಟ್ಟುಕೊಂಡ ಬೆಳೆರಕ್ಷಣೆಯ ಕೋವಿ. ಠೇವಣಿಯ ರಶೀದಿ ಪಡೆದು ಹೊರಬಂದರೆ, ಜಗಲಿಯ ಗೋಡೆಗೆ ಅಂಟಿಸಿದ ಪಟ್ಟಿ ಕಂಡಿತು: ಹೆಸರು, ಮನೆ, ಮೊಬೈಲ್ ಸಂಖ್ಯೆ, ಕೋವಿಯ ನಂಬರು, ಕೊನೆಯಲ್ಲಿ ಠೇವಣಿ ಆದದ್ದಕ್ಕೆ ಕೆಂಪು ಶಾಯಿಯ ಗೀಟು. ಬೇರೇನೋ ಕೆಲಸಕ್ಕೆ ಬಂದಿದ್ದ ಹುಡುಗನೊಬ್ಬ ಅದರ ಫೋಟೊ ತೆಗೆಯುತ್ತಿದ್ದ. ಮಾವ ಅಲ್ಲಿ ಏನೂ ಹೇಳಲಿಲ್ಲ. ದಾರಿಯಲ್ಲಿ, ‘ಇನ್ನು ಜೂನ್ 4ರ ಎಣಿಕೆ ಮುಗಿಯುವವರೆಗೆ ನಮ್ಮಲ್ಲಿ ಕೋವಿ ಇಲ್ಲವೆಂದು ಎಲ್ಲರಿಗೂ ಗೊತ್ತಾಯಿತಲ್ಲ’ ಎಂದರು. ಮಕ್ಕಳು ಬೆಂಗಳೂರು, ದುಬೈ ಸೇರಿ ಮುದುಕರಿಬ್ಬರೇ ಉಳಿದಿರುವ, ಕೂಗಿದರೆ ನೆರೆಗೆ ಕೇಳಿಸದ ತೋಟದ ಮನೆಗಳು ನಮ್ಮ ಕರಾವಳಿಯಲ್ಲಿ ಎಷ್ಟಿಲ್ಲ? ಕೋವಿ ಇದೆ ಎಂದು ತಿಳಿದರೆ ಅದನ್ನೇ ಕದಿಯಲು ಬರುವವನಿದ್ದಾನೆ, ಇಲ್ಲ ಎಂದು ತಿಳಿದರೆ ಉಳಿದದ್ದನ್ನು ಕದಿಯಲು ಬರುವವನಿದ್ದಾನೆ.

ನೀವು ಕೇಳುವುದನ್ನು ಅಮೆರಿಕದಲ್ಲಿ ಮಾಡಿ ನೋಡಿದ್ದಾರೆ. 2012ರ ಡಿಸೆಂಬರಿನಲ್ಲಿ ನ್ಯೂಯಾರ್ಕ್ ರಾಜ್ಯದ ‘ಜರ್ನಲ್ ನ್ಯೂಸ್’ ಪತ್ರಿಕೆ ಎರಡು ಕೌಂಟಿಗಳ ಪಿಸ್ತೂಲು ಪರವಾನಗಿದಾರರ ಮನೆಗಳನ್ನು ನಕ್ಷೆಯಲ್ಲಿ ಗುರುತಿಸಿ ಪ್ರಕಟಿಸಿತು. ಜನ ತಿರುಗಿಬಿದ್ದರು. ಮರುತಿಂಗಳೇ ನಕ್ಷೆ ಕೆಳಗಿಳಿಯಿತು, ತಮ್ಮ ವಿವರ ಗೋಪ್ಯವಾಗಿರಲೆಂದು ಪರವಾನಗಿದಾರರು ಕೋರಬಹುದೆಂದು ರಾಜ್ಯ ಕಾನೂನು ಮಾಡಿತು. 2022ರ ಜೂನಿನಲ್ಲಿ ಕ್ಯಾಲಿಫೋರ್ನಿಯದ ನ್ಯಾಯ ಇಲಾಖೆ ಅಂಕಿಅಂಶದ ಜಾಲತಾಣ ತೆರೆಯಲು ಹೋಗಿ ಕೋವಿ ಪರವಾನಗಿಯ ಸುಮಾರು 1,92,000 ಅರ್ಜಿದಾರರ ಹೆಸರು, ಜನ್ಮದಿನಾಂಕ, ವಿಳಾಸಗಳನ್ನು ಬಯಲು ಮಾಡಿತು. ಅಲ್ಲಿ ಕೈತಪ್ಪಿ ಆದದ್ದನ್ನು ಇಲ್ಲಿ ಬೇಕೆಂದೇ ಮಾಡಬೇಕೆ?

ನಮ್ಮಲ್ಲಿ ಪ್ರತಿ ಲೈಸೆನ್ಸಿಗೂ ವಿಶಿಷ್ಟ ಸಂಖ್ಯೆ ಕೊಟ್ಟು ರಾಷ್ಟ್ರೀಯ ದತ್ತಾಂಶಕ್ಕೆ ಸೇರಿಸುತ್ತಾರೆ. 2016ರ ಶಸ್ತ್ರಾಸ್ತ್ರ ನಿಯಮಗಳಂತೆ ದೇಹ, ಮನಸ್ಸುಗಳ ಆರೋಗ್ಯಕ್ಕೆ ವೈದ್ಯರ ಪ್ರಮಾಣಪತ್ರವನ್ನೂ ಕೊಡಬೇಕು. ಲೈಸೆನ್ಸಿಗೆಂದು ಕೊಟ್ಟ ಈ ವಿವರ ಲೈಸೆನ್ಸಿನ ಕೆಲಸಕ್ಕೆ ಮಾತ್ರ ಬಳಕೆಯಾಗಬೇಕೆಂಬುದು ನನ್ನ ಹಟ. ಖಾಸಗಿತನ ಮೂಲಭೂತ ಹಕ್ಕೆಂದು 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಸಾರಿದರು. ಆ ಮೊಕದ್ದಮೆ ಹೂಡಿದವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದಾದ ಮೇಲೆ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 17ನೇ ಕಲಮಾದರೋ, ಭದ್ರತೆ, ಸುವ್ಯವಸ್ಥೆಗಳ ಹೆಸರಿನಲ್ಲಿ ತನಗೆ ಬೇಕಾದ ಸರಕಾರಿ ಸಂಸ್ಥೆಗಳನ್ನು ಕಾಯ್ದೆಯ ಹೊರಗಿಡುವ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟಿದೆ. ವೈಯಕ್ತಿಕ ಮಾಹಿತಿಯನ್ನು ಕೊಡದಿರಲು ಅವಕಾಶವಿರುವ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮನ್ನೂ ಅದೇ ಕಾಯ್ದೆ ಬಿಗಿಗೊಳಿಸಿತು. ಅಧಿಕಾರಿಯ ಬಗ್ಗೆ ಕೇಳಿದರೆ ‘ವೈಯಕ್ತಿಕ’ ಎಂಬ ಹಿಂಬರಹ ಬರುತ್ತದೆ, ರೈತನ ಮೊಬೈಲ್ ಸಂಖ್ಯೆ ಗೋಡೆಯ ಮೇಲಿರುತ್ತದೆ. ಇದನ್ನು ಪಾರದರ್ಶಕತೆ ಎಂದು ಕರೆಯಲು ನಾನು ಸಿದ್ಧನಿಲ್ಲ.

ಪತ್ರದ ಕೊನೆಗೆ ‘ನನ್ನ ಹೆಸರು ಹಾಕಬೇಡಿ’ ಎಂದು ಬರೆದಿದ್ದೀರಿ, ಹಾಕಿಲ್ಲ. ನಿಮ್ಮ ನೆರೆಮನೆಯವರ ಹೆಸರನ್ನೂ ಹಾಕುವುದಿಲ್ಲ. ನೀವು ಕಾಳಜಿಯುಳ್ಳವರು, ಆದ್ದರಿಂದ ಒಂದು ಕೆಲಸ ಮಾಡಿ. ತಾಲೂಕುವಾರು ಎಷ್ಟು ಲೈಸೆನ್ಸ್ ಇವೆ, ದುರ್ಬಳಕೆಗಾಗಿ ಎಷ್ಟು ರದ್ದಾದವು, ಲೈಸೆನ್ಸುದಾರರ ಪಟ್ಟಿಯನ್ನು ನೋಡುವ ಅಧಿಕಾರ ಯಾವ ಯಾವ ಹುದ್ದೆಯವರಿಗಿದೆ ಎಂದು ಕೇಳಿ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಬಂದ ಉತ್ತರವನ್ನು ಒಂದಕ್ಷರವೂ ಬಿಡದೆ ಪ್ರಕಟಿಸುತ್ತೇವೆ.