ಮೆಟ್ಟಿಲಿಳಿಯಲಾಗದ ಅತ್ತೆ, ನೀರಿಗಿಳಿಯಲೇಬೇಕೆನ್ನುವ ಮೈದುನ

ಪ್ರಶ್ನೆ: ಮುಂದಿನ ತಿಂಗಳು ಮನೆಯವರೆಲ್ಲ ಸೇರಿ ಒಂದು ದಿನದ ಮಟ್ಟಿಗೆ ಜಲಪಾತಕ್ಕೆ ಹೋಗಲು ನಿಶ್ಚಯಿಸಿದ್ದೇವೆ. ತಳಕ್ಕೆ ಇಳಿಯಲು ಕಡಿದಾದ ಮೆಟ್ಟಿಲುಗಳಿವೆ, ಅತ್ತೆಯವರಿಗೆ ಮಂಡಿನೋವು. ಮೈದುನ ಮಾತ್ರ ಧಾರೆಯ ಕೆಳಗಿನ ಮಡುವಿನಲ್ಲಿ ಈಜಿಯೇ ಬರುವೆನೆಂದೂ ನನ್ನ ಒಂಬತ್ತು ವರ್ಷದ ಮಗನನ್ನೂ ಇಳಿಸುವೆನೆಂದೂ ಹಟ ಹಿಡಿದಿದ್ದಾನೆ. ಬೇಡವೆಂದರೆ 'ಅತ್ತಿಗೆಗೆ ಎಲ್ಲದಕ್ಕೂ ಹೆದರಿಕೆ' ಎನ್ನುತ್ತಾರೆ. ಪತಿ ಬಾಯಿ ಬಿಡುವುದಿಲ್ಲ. ಅತ್ತೆಯವರ ನೆಪ ಹೇಳಿ ನಾನೂ ಮನೆಯಲ್ಲೇ ಉಳಿಯಲೇ?

ಉತ್ತರ: ದಯವಿಟ್ಟು ಉಳಿಯಬೇಡಿ. ನೀವು ಉಳಿದರೆ ಮಗ ನಿಮ್ಮ ಕಣ್ಣಿಗೆ ಕಾಣದಲ್ಲಿ ನೀರಿಗಿಳಿಯುತ್ತಾನೆ, ಅತ್ತೆಯವರು ತಮ್ಮಿಂದಾಗಿ ಸೊಸೆಯ ಸಂತೋಷ ತಪ್ಪಿತೆಂದು ಕೊರಗುತ್ತಾರೆ, ಮನಸ್ತಾಪ ಹಾಗೆಯೇ ಉಳಿಯುತ್ತದೆ.

ನಿಮ್ಮ ಭಯಕ್ಕೆ ಗಟ್ಟಿಯಾದ ಕಾರಣಗಳಿವೆ. ಅವನ್ನು ಬಿಡಿಸಿ ಹೇಳದಿರುವುದರಿಂದ ಅದು ಬರಿಯ ಅಂಜಿಕೆಯಂತೆ ಕೇಳಿಸುತ್ತಿದೆ. ಎತ್ತರದಿಂದ ಧುಮುಕುವ ನೀರು ತನ್ನೊಡನೆ ಗಾಳಿಯನ್ನೂ ಮಡುವಿನೊಳಕ್ಕೆ ಎಳೆದೊಯ್ಯುವುದರಿಂದ, ನೊರೆಯಾಡುವ ಆ ಬಿಳಿ ನೀರು ನಿಂತ ನೀರಿನಂತೆ ಮೈಯನ್ನು ಎತ್ತಿ ಹಿಡಿಯುವುದಿಲ್ಲ. ಮೇಲಾಗಿ, ತಳಕ್ಕಿಳಿದ ನೀರು ತುಸು ದೂರದಲ್ಲಿ ಮೇಲೆದ್ದು ಅದರ ಒಂದು ಭಾಗ ಮತ್ತೆ ಧಾರೆಯ ಕಡೆಗೇ ಹೊರಳುವುದರಿಂದ, ಅದರೊಳಗೆ ಸಿಕ್ಕಿದವರನ್ನು ಬೀಳುವ ನೀರಿನ ಅಡಿಗೇ ಎಳೆದುಕೊಳ್ಳಬಲ್ಲದು. ಈಜುಕೊಳದಲ್ಲಿ ಪಳಗಿದವರಿಗೂ ಈ ಸೆಳವಿನ ಅನುಭವವಿರುವುದಿಲ್ಲ. ಇನ್ನೊಂದು ಅಪಾಯ ಕಣ್ಣಿಗೇ ಕಾಣದು: ನೀವು ಕುಳಿತಲ್ಲಿ ಬಿಸಿಲಿದ್ದರೂ ಮೇಲಿನ ಬೆಟ್ಟದಲ್ಲಿ ಸುರಿದ ಮಳೆ ಸ್ವಲ್ಪ ಹೊತ್ತಿನಲ್ಲೇ ಹರಿವನ್ನು ಏರಿಸಿಬಿಡಬಹುದು. ತಿಳಿಯಾಗಿದ್ದ ನೀರು ಕದಡಿ ಮಣ್ಣಿನ ಬಣ್ಣಕ್ಕೆ ತಿರುಗಿದರೆ, ತರಗೆಲೆ ಕಡ್ಡಿಗಳು ಒಮ್ಮೆಲೇ ತೇಲಿಬಂದರೆ, ಮೊರೆತ ಜೋರಾದರೆ, ಚಪ್ಪಲಿ ಹುಡುಕುತ್ತ ನಿಲ್ಲದೆ ಎಲ್ಲರೂ ಎತ್ತರಕ್ಕೆ ಹೋಗಬೇಕು. ರಭಸದ ನೀರು ಮೊಣಕಾಲಿನವರೆಗೆ ಬರುವ ಮುನ್ನವೇ ದೊಡ್ಡವರನ್ನೂ ಕೆಡವಬಲ್ಲದು.

ಇದನ್ನೆಲ್ಲ ಮೊದಲು ಪತಿಗೆ, ಮಕ್ಕಳು ಮಲಗಿದ ಮೇಲೆ, ಇಬ್ಬರೇ ಇರುವಾಗ ಹೇಳಿ. ಅವರ ಮೌನ ತಮ್ಮನ ಪರವೆಂದು ನೀವು ಎಣಿಸಿರಬಹುದು. ನನಗೆ ಅದು ಯಾರನ್ನೂ ನೋಯಿಸಲಾರದವರ ಮೌನವೆಂದು ತೋರುತ್ತದೆ. ಆದರೂ ತಮ್ಮನಿಗೆ ಹೇಳಬೇಕಾದವರು ಅವರೇ, ಅದೂ ಮನೆಯಲ್ಲೇ, ಹೊರಡುವುದಕ್ಕೆ ಮೊದಲೇ. ಬಟ್ಟೆ ಬದಲಿಸಿ ದಡದಲ್ಲಿ ನಿಂತ ಹುಡುಗನ ಮುಂದೆ ದೊಡ್ಡವರು ವಾದಿಸತೊಡಗಿದರೆ, ಯಾರ ಮಾತು ನಡೆದರೂ ಆ ದಿನ ಕೆಡುತ್ತದೆ. ಮೈದುನನನ್ನು ಮೂಲೆಗೊತ್ತಬೇಡಿ. ನೀರಿಗಿಳಿಯಲು ಅನುಮತಿಯಿದೆಯೇ, ಇದ್ದರೆ ಧಾರೆಯಿಂದ ದೂರದಲ್ಲಿ ನಿಧಾನವಾಗಿ ಹರಿಯುವ, ತಳ ಕಾಣುವ ಜಾಗ ಯಾವುದೆಂದು ಅಲ್ಲಿನ ಸಿಬ್ಬಂದಿಯನ್ನು ವಿಚಾರಿಸುವ ಹೊಣೆಯನ್ನು ಅವನಿಗೇ ಒಪ್ಪಿಸಿ. ಅಂಥ ಕಡೆ ಮಗ ಕಣಕಾಲು ಮುಳುಗುವಷ್ಟು ನೀರಿನಲ್ಲಿ, ಚಿಕ್ಕಪ್ಪನ ಕೈಗೆಟಕುವಷ್ಟು ಹತ್ತಿರದಲ್ಲಿ ಆಡಲಿ. ಹಸಿರು ಪಾಚಿ ಹಿಡಿದ ಬಂಡೆಯ ಮೇಲೆ ಮಾತ್ರ ಯಾರೂ ಕಾಲಿಡುವುದು ಬೇಡ.

ಇನ್ನು ಅತ್ತೆಯವರ ವಿಷಯ. ನಿಮ್ಮ ಇಡೀ ಪತ್ರದಲ್ಲಿ ಅವರ ಮಂಡಿಯಿದೆ, ಅವರ ಮಾತಿಲ್ಲ. ಬರಲು ಇಷ್ಟವೇ ಎಂದು ಅವರನ್ನು ಯಾರಾದರೂ ಕೇಳಿದ್ದೀರಾ? ಮಂಡಿನೋವಿನವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಹೆಚ್ಚಾಗಿ ಕಷ್ಟವಾದ್ದರಿಂದ ತಳದ ಆಸೆ ಅವರಿಗೆ ಬೇಡ. ಆದರೆ ಜಲಪಾತದ ಪೂರ್ಣ ರೂಪ ಕಾಣುವುದು ಬಹುಮಟ್ಟಿಗೆ ಎದುರಿನ ವೀಕ್ಷಣಾ ಸ್ಥಳದಿಂದಲೇ. ತುಂತುರಿನ ಮೇಲಿನ ಕಾಮನಬಿಲ್ಲೂ ಸೂರ್ಯ ಬೆನ್ನ ಹಿಂದೆ, ಆಗಸದಲ್ಲಿ ಕೆಳಗಿರುವಾಗ ಸೊಗಸಾಗಿ ಮೂಡುವುದರಿಂದ, ವೀಕ್ಷಣಾ ಸ್ಥಳ ಯಾವ ದಿಕ್ಕಿಗಿದೆಯೆಂದು ನೋಡಿಕೊಂಡು ಬೆಳಿಗ್ಗೆಯೋ ಸಂಜೆಯೋ ಎಂದು ನಿರ್ಧರಿಸಿ. ಒರಗಿ ಕುಳಿತುಕೊಳ್ಳಲು ಮಡಚುವ ಕುರ್ಚಿಯೊಂದಿರಲಿ. ಮೊದಲ ಒಂದು ಗಂಟೆ ಅವರ ಬಳಿ ಪತಿ ಕುಳಿತಿರಲಿ, ನೀವು ಮಗನೊಡನೆ ಇಳಿಯಿರಿ, ಆಮೇಲೆ ಅದಲುಬದಲಾಗಿ. ಕಣಿವೆಯ ತಳದಲ್ಲಿ ಮೊಬೈಲ್ ಸಂಪರ್ಕ ಸಿಗದೆ ಹೋಗಬಹುದಾದ್ದರಿಂದ ಮೇಲೆ ಬರುವ ಸಮಯವನ್ನು ಮೊದಲೇ ಗೊತ್ತು ಮಾಡಿಕೊಳ್ಳಿ.

ಅತ್ತೆಯವರನ್ನು ಕೇಳುವ ಕೆಲಸವನ್ನು ಮಾತ್ರ ಬೇರೆಯವರಿಗೆ ಬಿಡಬೇಡಿ. 'ನೀವು ಬಂದರೆ ನನಗೆ ಜೊತೆಯಾಗುತ್ತದೆ' ಎಂದು ನೀವೇ ಹೇಳಿ, ಅವರು ಏನೆನ್ನುತ್ತಾರೋ ಅದನ್ನು ಪೂರ್ತಿ ಕೇಳಿಸಿಕೊಳ್ಳಿ.